ಬಿಸಿಲಿಗೆ ಹಾಕಿದ ಸಿನೆಮಾ

ಡಬ್ಬಿಯ ಮೇಲಿಟ್ಟ ಕೈಯನ್ನು ಹಜರಾಬಿ ತೆಗೆಯಲಿಲ್ಲ. ಎದುರಿಗೆ ಚಾಪೆಯ ಮೇಲೆ ಕೂತ ಹುಡುಗಿ ಚಹಾ ಕುಡಿದು ಮುಗಿಸಿದ್ದಳು, ಮಾತುಮಾತಿಗೆ ನಗುತ್ತಿದ್ದಳು. ಅಷ್ಟೊಂದು ನಗುವವರನ್ನು ಹಜರಾಬಿ ನಂಬುತ್ತಿರಲಿಲ್ಲ.

"ಮುಚ್ಚಳ ತಗದು ಒಮ್ಮೆ ನೋಡ್ತೇನಿ ಅಷ್ಟ, ಅಜ್ಜಿ," ಅಂದಳು ಸುಮಿತಾ. ಹಳೇ ಸಿನೆಮಾಗಳನ್ನು ಹುಡುಕಿ ಉಳಿಸುವ ಒಂದು ಸಂಸ್ಥೆಯಿಂದ ಬಂದವಳು. ಧಾರವಾಡದವಳಾದ್ದರಿಂದ ಮಾತೇನೋ ಈ ಕಡೆಯದೇ.

"ನೋಡಿ ಏನ್ ಮಾಡ್ತಿ?"

"ಕೆಟ್ಟೈತೋ ಉಳದೈತೋ ತಿಳೀತೈತಿ. ಈ ಸಿನೆಮಾದ್ದು ಇನ್ನೊಂದು ಪ್ರತಿ ಎಲ್ಲೂ ಇಲ್ರಿ. ಅವಾಗ ಬೊಂಬಿ ಸಿನೆಮಾ ಅಂದ್ರ ಬರೇ ಹುಡುಗರಿಗೆ ಅಂತಿದ್ರು. ದೊಡ್ಡವರ ಸಂಸಾರ, ಆಸಿ, ಬಸಿರು, ಹೆರಿಗಿ ಎಲ್ಲಾ ಅರಿವೀ ಬೊಂಬಿಯೊಳಗ ತೋರ್ಸಿದ್ದು ಇದ ಮೊದಲು. ಇದು ನಮ್ಮ ನಾಡಿನ ಆಸ್ತಿ."

ನಾಡಿನ ಆಸ್ತಿಯಂತೆ! ಹಳಿಯಾಳದ ಆಚೆ ಕಾಡಂಚಿನ ಈ ಸಿದ್ದಿ ಜನರ ಕೇರಿಗೆ, ಈ ವಾಡೆಗೆ ಬಂದವರೆಲ್ಲ ಹೀಗೇ ಒಂದೊಂದು ದೊಡ್ಡ ಮಾತು ಹೊತ್ತು ತಂದವರೇ. ತಲೆಯ ಸುತ್ತಳತೆ ತೆಗೆದವರು, ಗುಂಗುರು ಕೂದಲು ಕತ್ತರಿಸಿ ಲಕೋಟೆಗೆ ಹಾಕಿಕೊಂಡವರು, ರಕ್ತ ತೆಗೆದುಕೊಂಡು ಬಿಸ್ಕೀಟು ಕೊಟ್ಟವರು, ಕುಣಿಯಿರಿ ಎಂದು ಕುಣಿಸಿ ಫೋಟೋ ಹೊಡೆದುಕೊಂಡವರು. ಹೋದವರು ಹೋದರು, ಒಬ್ಬರೂ ತಿರುಗಿ ಬಂದು ಅದನ್ನೆಲ್ಲ ಏನು ಮಾಡಿದೆವು ಎಂದು ಹೇಳಲಿಲ್ಲ. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿದರೆ ತಪ್ಪೇನಿದೆ?

ಒಲೆಯ ಮುಂದಿನಿಂದ ಮಗಳು ರುಬಿನಾ ದನಿ ಏರಿಸಿದಳು. "ಕೊಡಬ್ಯಾಡಮ್ಮಾ. ಒಯ್ದು ಊರ್ ತುಂಬ ತೋರಸ್ತಾರ. ಅದರ ಸಲುವಾಗಿ ನನ್ನ ನಿಕಾ ತಪ್ಪಿದ್ದು ಸಾಲದೇನು?"

ಸುಮಿತಾಳ ನಗು ಅಲ್ಲಿಗೇ ನಿಂತಿತು.

ಆಗ ಹಜರಾಬಿಗೆ ಹರೆಯ. ಅಂಬಿಕಾನಗರದ ಕಾಲನಿಯಲ್ಲಿ ಶೇಖಪ್ಪ ಎಂಬ ಡ್ರಾಯಿಂಗ್ ಮಾಸ್ತರರಿದ್ದರು. ಅವರಿಗೆ ಸಿನೆಮಾದ ಹುಚ್ಚು. ಗೆರೆಯ ಬೊಂಬೆ ಬೇಡ, ಬಟ್ಟೆಯ ಬೊಂಬೆ ಬೇಕೆಂದು ವಾಡೆಗೆ ಬಂದು ಕೌದಿ ಹೊಲಿಯುವ ಹೆಂಗಸರನ್ನು ಕರೆದೊಯ್ದರು. ಹಳೇ ಸೀರೆ, ಕುಪ್ಪಸದ ತುಂಡುಗಳಿಂದ ಹೆಣ್ಣನ್ನು ಮಾಡುವುದು, ಹಲಗೆಯ ಮೇಲೆ ಮಲಗಿಸುವುದು, ಕೈಯನ್ನೋ ಕಾಲನ್ನೋ ಒಂದು ಕೂದಲೆಳೆ ಸರಿಸಿ ತಮ್ಮ ಕೈ ಹಿಂದೆಗೆಯುವುದು, ಮೇಲಿಂದ ಕ್ಯಾಮೆರಾ ಟಕ್ಕೆನ್ನುವುದು, ಮತ್ತೆ ಸರಿಸುವುದು. ಇಡೀ ದಿನ ದುಡಿದರೆ ಆ ಬೊಂಬೆ ಮಹಾತಾಯಿ ಒಂದು ಸಲ ತಿರುಗಿ ನೋಡುತ್ತಿದ್ದಳು. ಹಜರಾಬಿಯ ಬೆರಳು ಎಲ್ಲರಿಗಿಂತ ಹಗುರ. ಆ ಕೆಲಸದಲ್ಲಿ ಅವಳಿಗೆ ಎಂಥ ಸುಖವಿತ್ತೆಂದರೆ ಮನೆಗೆ ಬಂದರೂ ಬೆರಳುಗಳು ಅದನ್ನೇ ಆಡಿಸುತ್ತಿದ್ದವು.

ಹೆರಿಗೆಯ ಭಾಗ ಬಂದಾಗ ಮಾಸ್ತರರು ತಡವರಿಸಿದರು. ನೋವಿನಲ್ಲಿ ಹೆಂಗಸಿನ ಮೈ ಹೇಗೆ ಹೊರಳುತ್ತದೆಂದು ಗಂಡಸಿಗೆ ಏನು ಗೊತ್ತು? ಹಜರಾಬಿ ಹೊಸ ಬಾಣಂತಿ. ಬಿಳಿ ಚಾದರ ಕಟ್ಟಿ, ಹಿಂದೊಂದು ದೀಪ ಇಟ್ಟು, ಮಾಸ್ತರರ ಹೆಂಡತಿ ಶಾಂತಾದೇವಿಯನ್ನು ಒಳಗೆ ಜೊತೆಗೆ ಕೂರಿಸಿಕೊಂಡು ಅವಳು ಸೀರೆ ಸಡಿಲಿಸಿ ಮಲಗಿ ತೋರಿಸಿದಳು. ಆಚೆ ಬದಿಗೆ ಮಾಸ್ತರರು ನೆರಳಿನ ಸುತ್ತ ಗೆರೆ ಎಳೆದುಕೊಂಡರು. "ನೆರಳು ಅಷ್ಟ ತಗೊಂಡೇನಿ ತಂಗಿ," ಅಂದರು. ಕ್ಯಾಮೆರಾದ ಮೇಲೆ ಟವೆಲು ಹೊದಿಸಿತ್ತು. ಮುಗಿಯುವವರೆಗೂ ಅದು ಹೊದಿಸಿಯೇ ಇತ್ತೋ ಇಲ್ಲವೋ, ಅವಳು ನೋಡಿರಲಿಲ್ಲ. ಆ ಭಾಗವನ್ನು ಮಾಸ್ತರರು ತಾವೊಬ್ಬರೇ ಆಡಿಸಿ ಮುಗಿಸಿದರು.

'ದೊಡ್ಡವರಿಗೆ ಮಾತ್ರ' ಎಂಬ ಫಲಕ ಹಚ್ಚಿ ಹಳಿಯಾಳದಲ್ಲಿ ಒಂದು ದಿನ ತೋರಿಸಿದರು. ಹೆಂಗಸರು ಹೋಗಲಿಲ್ಲ, ಅವರನ್ನು ಹೋಗಲು ಗಂಡಸರು ಬಿಡಲೂ ಇಲ್ಲ. ಹಜರಾಬಿ ಮಲಗಿ ತೋರಿಸಿದ ಸುದ್ದಿ ಆಗಲೇ ವಾಡೆಗೆ ಮುಟ್ಟಿತ್ತು. ನೋಡಿ ಬಂದವರಲ್ಲಿ ಸಂತಾನ ಎಂಬವನು ಅಂಗಡಿಯ ಕಟ್ಟೆಯ ಮೇಲೆ ಕೂತು, "ಹಜರಾಬಿನ್ನ ಪೂರಾ ನೋಡಿ ಬಂದ್ವಿ," ಎಂದು ತೊಡೆ ತಟ್ಟಿ ನಕ್ಕ. ಅಷ್ಟೇ. ಊರ ಬಾಯಿಗೆ ಮುಚ್ಚಳ ಹಾಕಿದವರು ಯಾರಿದ್ದಾರೆ? ಗಂಡ ಮಾತ್ರ ಏನೂ ಕೇಳಲಿಲ್ಲ. ಕೇಳಿದ್ದರೆ ಜಗಳವಾಡಿಯಾದರೂ ಮುಗಿಸಬಹುದಿತ್ತು. ಅವನು ಕೇಳದೆಯೇ ಸತ್ತ. ಆಮೇಲೆ ರುಬಿನಾಳನ್ನು ನೋಡಿ ಒಪ್ಪಿದ್ದ ಬೀಗರ ಕಿವಿಗೂ ಆ ಹಳೇ ಮಾತು ಬಿತ್ತು, ಅವರು ಮತ್ತೆ ಈ ಕಡೆ ಸುಳಿಯಲಿಲ್ಲ.

ಮಾಸ್ತರರು ತೀರಿಕೊಂಡ ಮೇಲೆ ಶಾಂತಾದೇವಿ ಈ ಡಬ್ಬಿ ತಂದು ಬಾಗಿಲಲ್ಲಿ ನಿಂತಿದ್ದರು. "ಮನಿಯೊಳಗ ಇಡಾಕ ಅಂಜಿಕಿ, ಒಲಿಗೆ ಹಾಕಾಕ ಮನಸಿಲ್ಲ. ನೀನ ಇಟ್ಕೋ." ಹಜರಾಬಿ ಇಸಿದುಕೊಂಡಳು. ತನ್ನ ಮಂಚದ ಕೆಳಗಿದ್ದರೆ ಬೇರೆ ಯಾರೂ ನೋಡುವಂತಿಲ್ಲವಲ್ಲ! ಸುಡಲು ಅವಳಿಗೂ ಕೈ ಬರಲಿಲ್ಲ, ತನ್ನ ಬೆರಳಿನ ಕೆಲಸ ಅದರಲ್ಲಿತ್ತು. ಆದರೆ ಕೌದಿ ಹೊಲಿಯುವವಳಿಗೆ ಒಂದು ಗೊತ್ತಿತ್ತು. ಬಿಸಿಲು ಬಣ್ಣ ತಿನ್ನುತ್ತದೆ, ಒಂದೇ ಏಟಿಗೆ ಅಲ್ಲ, ವರ್ಷ ವರ್ಷ ಇಷ್ಟಿಷ್ಟೇ. ಬೇಸಿಗೆಯಲ್ಲಿ ಕೌದಿಗಳನ್ನು ಹಿತ್ತಲ ಬಂಡೆಯ ಮೇಲೆ ಹರಡುವಾಗ ಆ ಸುರುಳಿಯನ್ನೂ ಕೈಗೆ ಬಂದಷ್ಟು ಬಿಚ್ಚಿ ಬಿಸಿಲಿಗೆ ಚೆಲ್ಲಿ, ತಾನು ಅತ್ತ ಬೆನ್ನು ಮಾಡಿ ಕೂರುತ್ತಿದ್ದಳು. ಅದರೊಳಗೆ ತಾನಿದ್ದರೆ ಬಿಸಿಲೇ ತನ್ನನ್ನು ಅಳಿಸಿಬಿಡಲಿ ಎಂದು.

ಈಗ ಹಜರಾಬಿ ಡಬ್ಬಿಯನ್ನು ತೊಡೆಯ ಮೇಲೆಳೆದುಕೊಂಡಳು. "ಮೊದಲ ನಾ ನೋಡಬೇಕು. ಆಮ್ಯಾಗ ಕೊಡೂದೋ ಬಿಡೂದೋ."

"ಮಶೀನಿಗೆ ಹಾಕಿದ್ರ ಹರೀತೈತ್ರಿ. ಹಂಗಂತ ನಿಮ್ಮನ್ನ ಬಿಟ್ಟು ನಾ ಒಬ್ಬಾಕಿನ ನೋಡೂದೂ ಸರಿ ಅಲ್ಲ." ಸುಮಿತಾ ಚೀಲದಿಂದ ದೀಪವಿದ್ದ ಗಾಜಿನ ಹಲಗೆಯನ್ನೂ ಒಂದು ಭೂತಗನ್ನಡಿಯನ್ನೂ ತೆಗೆದಳು. "ಒಂದೊಂದ ಚಿತ್ರ ಇದರ ಮ್ಯಾಲ ಇಟ್ಟು ನೋಡೂಣು."

ಮುಚ್ಚಳ ತೆಗೆದಾಗ ಹುಳಿ ವಾಸನೆ ಮೂಗಿಗೆ ಹೊಡೆಯಿತು. ಸುಮಿತಾ ಕೈಗೆ ಬಿಳಿ ಗವಸು ಹಾಕಿಕೊಂಡು ಸುರುಳಿಯ ತುದಿ ಬಿಡಿಸಿದಳು. ದೀಪದ ಮೇಲೆ ಏನೂ ಇರಲಿಲ್ಲ. ಇನ್ನಷ್ಟು ಬಿಡಿಸಿದಳು. ನೀರಿನಂಥ ಖಾಲಿ ಪಟ್ಟಿ. ಅವಳ ಮುಖ ಸಣ್ಣದಾಯಿತು.

"ಬಿಸಲಿಗೆ ಹಾಕ್ತಿದ್ರೇನ್ರಿ?"

"ಕೌದಿ ಜೋಡಿ ಹಾಕ್ತಿದ್ದೆ."

"ಹುಳ ಹತ್ತಬಾರದು ಅಂತ ಹಾಕೀರಿ. ಪಾಪ, ನಿಮಗೇನ್ ಗೊತ್ತು. ಇಷ್ಟು ವರ್ಷ ಎಷ್ಟ ಕಾಳಜಿ ಮಾಡೀರಿ!"

ಬೈದಿದ್ದರೆ ಹಜರಾಬಿ ತಿರುಗಿ ಬೈಯುತ್ತಿದ್ದಳು. ಈ ಕರುಣೆಗೆ ಗೋಡೆಯ ಕಡೆ ಮುಖ ತಿರುಗಿಸಿದಳು.

"ಮೊದಲಿನ ಭಾಗ ಹೋತು," ಎಂದಳು ಸುಮಿತಾ ಮೆಲ್ಲಗೆ. "ಇಲ್ಲೆ ಹೆಸರು ಇರ್ತಾವು."

"ಯಾರ ಹೆಸರು?"

"ಸಿನೆಮಾ ಮಾಡಿದವರವು. ಬೊಂಬಿ ಹೊಲದವರವು, ಆಡಿಸಿದವರವು ಸೈತ ಹಾಕಿರ್ತಾರ."

ಹಜರಾಬಿ ಆ ಖಾಲಿ ಪಟ್ಟಿಯನ್ನೇ ನೋಡಿದಳು. ತನ್ನ ಹೆಸರೂ ಅಲ್ಲಿತ್ತೇನೋ. ಬಾಯಲ್ಲಿ ಮಾತ್ರ, "ಹೆರಿಗಿದು ಎಲ್ಲೈತಿ ಅದನ್ನ ತೋರ್ಸು," ಎಂದಳು.

ಅದು ಕೊನೆಯ ಭಾಗ, ಸುರುಳಿಯ ಹೊಟ್ಟೆಯೊಳಗೆ. ಹಜರಾಬಿಯ ಬಿಸಿಲು ಅಲ್ಲಿಯವರೆಗೆ ಹೋಗಿರಲಿಲ್ಲ. ಬಣ್ಣಗಳು ಮಾಸಿದ್ದರೂ ಜೀವಂತ ಇದ್ದವು. ರುಬಿನಾ ಕೈ ಒರೆಸಿಕೊಳ್ಳುತ್ತ ಬಂದು ಹಿಂದೆ ನಿಂತಳು. ಹಜರಾಬಿ ಭೂತಗನ್ನಡಿಗೆ ಕಣ್ಣು ಹಚ್ಚಿದಳು.

ಬಟ್ಟೆಯ ಹೆಣ್ಣು ಮಲಗಿತ್ತು. ಹೊರಳುವ ಸೊಂಟ, ಮಡಿಸಿದ ಮೊಣಕಾಲು ಎಲ್ಲ ತನ್ನವೇ, ಆ ದಿನದ್ದೇ. ಆದರೆ ನೆರಳಿನ ಗೆರೆಯ ಒಳಗೆ ಕುತ್ತಿಗೆಯಿಂದ ಹಿಮ್ಮಡಿಯ ತನಕ ಮಾಸ್ತರರು ತುಂಡು ಬಟ್ಟೆ ಹೊಂದಿಸಿದ್ದರು. ಚೌಕಡಿ, ಹೂವು, ಕಡ್ಡಿಗೆರೆ. ಅವನ್ನು ಕತ್ತರಿಸಿ ಕೊಟ್ಟವಳೂ ತಾನೇ. ಒಂದು ಬೆರಳಗಲ ಬರಿ ಮೈ ಇರಲಿಲ್ಲ.

"ಮುಂದ ಸರಸು." ಸುಮಿತಾ ಸರಿಸಿದಳು. "ಇನ್ನೂ." ಮತ್ತೆ ಸರಿಸಿದಳು. ಕೂಸು ಹೊರಬಂತು, ಕೊನೆಗೆ ಬಟ್ಟೆಯದೇ ಒಂದು ಹೊಳೆ ಹರಿಯಿತು, ಪಟ್ಟಿ ಮುಗಿಯಿತು.

"ಬ್ಯಾರೆ ಡಬ್ಬಿ ಇದ್ದೀತಲ?"

"ಇಲ್ರಿ. ಇಷ್ಟ."

ರುಬಿನಾ ಬಾಗಿ ಒಮ್ಮೆ ನೋಡಿದಳು, ಇನ್ನೊಮ್ಮೆ ನೋಡಿದಳು. "ಇಷ್ಟನ, ಅಮ್ಮಾ?" ಅಂದಳು. "ಇದಕ್ಕ?"

ಹಜರಾಬಿಗೆ ಮೊದಲು ಸಂತಾನನ ಮೇಲೆ ಉರಿ ಎದ್ದಿತು. ಆ ಉರಿ ಅಲ್ಲೇ ನಿಲ್ಲಲಿಲ್ಲ. ಸಂತಾನ ಸುಳ್ಳು ಹೇಳಿದ್ದು ಒಂದು ದಿನ. ತಾನು ಮಾಸ್ತರರನ್ನು ಅನುಮಾನಿಸಿದ್ದು ವರ್ಷಗಟ್ಟಲೆ, ಸತ್ತ ಮೇಲೂ ಬಿಡದೆ. ಅವರು ತನ್ನ ನೆರಳಿಗೂ ಬಟ್ಟೆ ಹೊದಿಸಿದ್ದರು. ಆ ಬಟ್ಟೆಯ ಬಣ್ಣವನ್ನು ತಾನು ಬಿಸಿಲಿಗೆ ತಿನ್ನಿಸಿದ್ದಳು. ಬೇಕಂತಲೇ ಬಿಸಿಲಿಗೆ ಹಾಕಿದ್ದೆಂದು ಹೇಳಿಬಿಡಲೇ ಈ ಹುಡುಗಿಗೆ ಎಂದುಕೊಂಡಳು. ಡಬ್ಬಿಯನ್ನು ಅವಳತ್ತ ನೂಕಿದಳು.

"ತಗೊಂಡ ಹೋಗು," ಎಂದಳು.

"ಖರೇನ?"

"ನನ್ನ ಮನಸು ತಿರಗೂದ್ರೊಳಗ ಹೋಗು."

ಸುಮಿತಾ ಸುರುಳಿಯನ್ನು ಸುತ್ತಿ, ಮುಚ್ಚಳ ಬಿಗಿದು, ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಹೊರಟಳು. ಕಾರು ವಾಡೆಯ ಆಚೆ ಅಂಗಡಿಯ ಬಳಿ ನಿಂತಿತ್ತು. ಮಧ್ಯಾಹ್ನದ ಹೊತ್ತು, ದಾರಿಯಲ್ಲಿ ಒಂದು ಮರವಿಲ್ಲ. ಅವಳು ಅಂಗಳಕ್ಕೆ ಇಳಿದದ್ದೇ ತಗಡಿನ ಡಬ್ಬಿ ಬಿಸಿಲಿಗೆ ಫಳ್ಳೆಂದು ಹೊಳೆಯಿತು.

"ನಿಲ್ಲು!" ಎಂದು ಚೀರಿದಳು ಹಜರಾಬಿ.

ಸುಮಿತಾ ಬೆಚ್ಚಿ ನಿಂತಳು. ಮುದುಕಿ ಮಾತು ತಿರುಗಿಸಿದಳೆಂದೇ ಅವಳು ಅಂದುಕೊಂಡಿರಬೇಕು, ಡಬ್ಬಿಯನ್ನು ಇನ್ನಷ್ಟು ಅವುಚಿ ಹಿಡಿದಳು. ಹಜರಾಬಿ ಬರಿಗಾಲಲ್ಲೇ ಓಡಿ ಬಂದು, ತಲೆಯ ಮೇಲಿನ ಸೆರಗನ್ನು ಎಳೆದು ಡಬ್ಬಿಯ ಮೇಲೆ ಹೊದಿಸಿದಳು.

"ಡಬ್ಬಿಯೊಳಗ ಐತಲ್ರಿ, ಏನೂ ಆಗಂಗಿಲ್ಲ."

"ಇರ್ಲಿ. ಬಿಸಲು ಭಾಳ ಐತಿ. ನಡಿ."

ಇಬ್ಬರೂ ಒಂದೇ ಸೆರಗಿಗೆ ಕಟ್ಟಿದವರಂತೆ ಭುಜಕ್ಕೆ ಭುಜ ತಾಗಿಸಿ ನಡೆದರು. ಆ ಸಿನೆಮಾ ಬಂದು ಹೋದಂದಿನಿಂದ ಹಜರಾಬಿಯ ತಲೆಯ ಸೆರಗು ಜಾರಿದ್ದನ್ನು ವಾಡೆಯ ಯಾವ ಗಂಡಸೂ ಕಂಡಿರಲಿಲ್ಲ. ಕಟ್ಟೆಯ ಮೇಲೆ ಕೂತಿದ್ದ ಮುದುಕ ಸಂತಾನ ಕಣ್ಣಿಗೆ ಕೈ ಮರೆ ಮಾಡಿ ನೋಡಿ, "ಏನ ಹಜರಾಬಿ, ತಲೀ ಮ್ಯಾಲ ಸೆರಗಿಲ್ಲಲ?" ಎಂದ. ಅವಳು ಅವನತ್ತ ತಿರುಗಲಿಲ್ಲ. ಡಬ್ಬಿಯ ಒಂದು ಅಂಚು ಹೊರಗಿಣುಕಿತ್ತು. ಸೆರಗನ್ನು ಇನ್ನಷ್ಟು ಎಳೆದು ಅದನ್ನು ಮುಚ್ಚಿದಳು. ಅವಳ ಬೆಳ್ಳಗಿನ ಗುಂಗುರು ಕೂದಲ ಮೇಲೆ ಬಿಸಿಲು ಬೀಳುತ್ತಿತ್ತು.