ತುಲೂಜಿನ ಐತ್ವಾರಗಳು

ಸೇಡಮ್ಮಿನ ಅಂಬಾರಾಯ ನಿಜಾಮ ಸರಕಾರದ ವಿದ್ಯಾರ್ಥಿವೇತನ ಪಡೆದು, ಎಂಜಿನಿಯರಿಂಗ್ ಓದಲು ಫ್ರಾನ್ಸಿನ ತುಲೂಜಿಗೆ ಹೋದದ್ದು 1934ರಲ್ಲಿ. ವಾರದ ಆರು ದಿನ ಪಾಠದಲ್ಲಿ ಹೇಗೋ ಕಳೆದುಹೋಗುತ್ತಿದ್ದವು. ಐತ್ವಾರ ಮಾತ್ರ ಮುಗಿಯುತ್ತಲೇ ಇರಲಿಲ್ಲ. ಸಹಪಾಠಿಗಳು ಕಾಫಿ ಅಂಗಡಿಗಳಲ್ಲಿ ವೈನ್ ಕುಡಿಯುತ್ತ ಇಸ್ಪೀಟು ಆಡುತ್ತಿದ್ದರು, ಹುಡುಗಿಯರೊಡನೆ ಕುಣಿಯುತ್ತಿದ್ದರು. ಇವನಿಗೆ ಕುಡಿತ ಒಗ್ಗದು, ಕುಣಿತ ಬಾರದು, ಭಾಷೆಯೂ ಅಷ್ಟಕ್ಕಷ್ಟೆ. ಕಿಟಕಿಯ ಬಳಿ ಕುಳಿತು ಅವ್ವ ಭಾಗಮ್ಮನಿಗೆ ಕಾಗದ ಬರೆಯುತ್ತಿದ್ದ: "ನಾ ಇಲ್ಲಿ ಭಾಳ ಆರಾಮ ಇದ್ದೀನಿ." ಅದು ಸುಳ್ಳು.

ಪಕ್ಕದ ಕೋಣೆಯಲ್ಲಿದ್ದ ಆಂದ್ರೆ ಎಂಬ ವಿದ್ಯಾರ್ಥಿ ಇದನ್ನು ಗಮನಿಸಿದ್ದ. ಒಂದು ಐತ್ವಾರ ಬೆಳಿಗ್ಗೆ ಬಾಗಿಲು ಬಡಿದು, ಅಂಬಾರಾಯನ ಬೂಟುಗಳನ್ನು ತಾನೇ ಎತ್ತಿ ಕೈಗಿತ್ತು, "ನಡೆ" ಎಂದ. ವಿದ್ಯಾರ್ಥಿಗಳ ಗುಂಪೊಂದು ರೈಲಿನಲ್ಲಿ ಹೋಗಿ ಗುಡ್ಡ ಹತ್ತಿತು. ಬುತ್ತಿ ಬಿಚ್ಚಿ ಉಂಡ ಮೇಲೆ ಒಬ್ಬೊಬ್ಬರೂ ತಮ್ಮೂರಿನ ಹಾಡು ಹೇಳುವುದು ಅವರ ಪದ್ಧತಿ. ಸರದಿ ಬಂದಾಗ ಅಂಬಾರಾಯನಿಗೆ ಹೊಳೆದದ್ದು ಒಂದೇ: ಅವ್ವ ಜೋಳ ಬೀಸುವಾಗ ಹೇಳುತ್ತಿದ್ದ ಪದ. ಕಣ್ಣುಮುಚ್ಚಿ ಹಾಡಿದ. ಎಲ್ಲರೂ ಅರ್ಥ ಕೇಳಿದರು. ಫ್ರೆಂಚ್ ಕೈಕೊಟ್ಟಿತು. ನೆಲದ ಮೇಲೆ ಕಾಲು ಚಾಚಿ ಕುಳಿತು, ಬೀಸುವುದನ್ನು ಮಾಡಿ ತೋರಿಸಿದ. ತುಸು ಹೊತ್ತಿನಲ್ಲಿ ಗುಂಪಿನವರೆಲ್ಲ ಎದುರುಬದುರು ಕುಳಿತು, ತಪ್ಪುತಪ್ಪಾಗಿ ಹಾಡುತ್ತ ಇಲ್ಲದ ಬೀಸುಕಲ್ಲನ್ನು ತಿರುಗಿಸತೊಡಗಿದರು. ಊರು ಬಿಟ್ಟ ಮೇಲೆ ಮೊದಲ ಸಲ ಅಂಬಾರಾಯ ಹೊಟ್ಟೆ ಹಿಡಿದುಕೊಂಡು ನಕ್ಕ.

ಆಮೇಲೆ ಒಂದು ಐತ್ವಾರವನ್ನೂ ಅವನು ಕೋಣೆಯಲ್ಲಿ ಕಳೆಯಲಿಲ್ಲ. ಮೂರು ವರ್ಷಗಳ ಓದು ಮುಗಿಸಿ ಊರಿಗೆ ಹೊರಟಾಗ, "ನಿನ್ನೂರು ನೋಡಬೇಕು" ಎಂದು ಆಂದ್ರೆಯೂ ಹಡಗು ಹತ್ತಿದ.

ವಾಡಿಯಲ್ಲಿ ರೈಲು ಬದಲಿಸಿ ಇಬ್ಬರೂ ಸೇಡಮ್ಮಿನಲ್ಲಿ ಇಳಿದರು. ಭಾಗಮ್ಮ ಮಗನನ್ನು ತಬ್ಬಿಕೊಂಡಳು, ಅತಿಥಿಯನ್ನು ನೋಡಿ ಗಾಬರಿಯಾದಳು.

"ಯಪ್ಪಾ, ಇವಗ ಏನ್ ಉಣ್ಣಾಕ ಹಾಕ್ಲಿ?"

"ನಾವ್ ಉಂಬೋದೇ ಹಾಕಬೇ."

ಪುಂಡಿಪಲ್ಯದ ಖಾರಕ್ಕೆ ಆಂದ್ರೆಯ ಕಣ್ಣಲ್ಲಿ ನೀರು ಸುರಿದರೂ ನಾಲ್ಕನೆಯ ರೊಟ್ಟಿಗೆ ಕೈ ಚಾಚಿದ. ಸಂಜೆ ಓಣಿಯ ಹೆಂಗಸರೆಲ್ಲ ಅಂಗಳದಲ್ಲಿ ನೆರೆದರು.

"ನಮ್ ಅಂಬಾರಾಯ ಅಲ್ಲಿ ಖರೇನೇ ಓದ್ತಿದ್ನೋ ಇಲ್ಲೋ, ಆ ದೋಸ್ತಗ ಕೇಳ್ರಿ" ಎಂದಳು ಪಕ್ಕದ ಮನೆಯ ಬಿಬಿಜಾನ್.

ಪ್ರಶ್ನೆಯನ್ನು ಫ್ರೆಂಚಿಗೆ ತಿರುಗಿಸಬೇಕಾದವನು ಅಂಬಾರಾಯನೇ. "ನಾವು ಅಲ್ಲಿ ಹೇಗಿದ್ದೆವು ಅಂತ ಕೇಳುತ್ತಿದ್ದಾರೆ" ಎಂದಷ್ಟೇ ಹೇಳಿದ. ಆಂದ್ರೆ ಉತ್ಸಾಹದಿಂದ ಎದ್ದುನಿಂತ. ಅಂಬಾರಾಯ ಹಿಮದ ಮೇಲೆ ಜಾರಿ ಬಿದ್ದದ್ದು, ನಾಟಕದಲ್ಲಿ ಅವನ ಅಂಟುಮೀಸೆ ಉದುರಿದ್ದು, ಕುಣಿಯಲು ಹೋಗಿ ಪ್ರೊಫೆಸರರ ಹೆಂಡತಿಯ ಕಾಲು ತುಳಿದದ್ದು, ಎಲ್ಲವನ್ನೂ ಅಂಗಳದ ತುಂಬ ಅಭಿನಯಿಸಿದ.

"ಏನ್ ಹೇಳ್ಲಿಕತ್ಯಾನ?" ಎಂದಳು ಭಾಗಮ್ಮ.

"ಭಾಳ ಓದ್ತಿದ್ದ ಅಂತ" ಎಂದ ಅಂಬಾರಾಯ, ತಲೆ ತಗ್ಗಿಸಿ.

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ನೀ ಓದಿದ್ದು ಎಲ್ಲಾ ಕಾಣ್ಲಿಕತ್ತದ. ಇನ್ನೊಮ್ಮಿ ತೋರ್ಸಂತ ಹೇಳು. ಅಮೀರ್ಬೀ ಈಗ ಬಂದಾಳ, ಪಾಪ, ಆಕಿ ನೋಡಿಲ್ಲ."