ಯಾನ್ ಬರ್ಪೆ

ಕಾರ್ಲ್ ನನ್ನ ಸೋದರತ್ತೆ ಇಮೆಲ್ಡಾ ಅವರ ಒಬ್ಬನೇ ಮಗ. ಹುಟ್ಟಿ ಬೆಳೆದದ್ದು ಲಂಡನ್ನಿನ ಪೂರ್ವಕ್ಕಿರುವ ಇಲ್‌ಫರ್ಡಿನಲ್ಲಿ. ಅತ್ತೆ ಅಲ್ಲಿ ನರ್ಸ್ ಆಗಿದ್ದರು. ಹದಿನಾಲ್ಕರಲ್ಲೇ ಅವನಿಗೆ ರ‍್ಯಾಪಿನ ಹುಚ್ಚು ಹಿಡಿಯಿತು. ಹಗಲು ಗೋಡೌನಿನಲ್ಲಿ ಪೆಟ್ಟಿಗೆ ಹೊರುತ್ತಿದ್ದ, ಸಂಜೆ ಯಾರದ್ದೋ ಗ್ಯಾರೇಜಿನಲ್ಲಿ ಮೈಕಿನ ಮುಂದೆ ನಿಲ್ಲುತ್ತಿದ್ದ. ತಾಯಿಯ ಊರಿನ ಹೆಸರಿನಿಂದ ಒಂದಕ್ಷರ ತೆಗೆದು 'ಕಾರ್ಲ್ ಕೆ' ಎಂದು ಇಟ್ಟುಕೊಂಡಿದ್ದ. ಆ ಕೆ ಎಂದರೆ ಉಡುಪಿ ಹತ್ತಿರದ ನಮ್ಮ ಕೆಮ್ಮಣ್ಣು ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹತ್ತು ವರ್ಷ ಅವನ ಹಾಡುಗಳನ್ನೂ ಯಾರೂ ಕೇಳಲಿಲ್ಲ.

ಅತ್ತೆ ಕೊರೋನಾದ ವರ್ಷ ತೀರಿಕೊಂಡರು. ಅವರ ಸೂಟ್‌ಕೇಸಿನಲ್ಲಿ ಅವನಿಗೆ ಒಂಬತ್ತು ಕ್ಯಾಸೆಟ್ಟುಗಳು ಸಿಕ್ಕಿದವು. ನಮ್ಮ ಅಜ್ಜಿ ಸೋಫಿಯಾ ಅವರಿಗೆ ಬರೆಯಲು ಬರುತ್ತಿರಲಿಲ್ಲ. ಲಂಡನ್ನಿನ ಮಗಳಿಗೆ ಟೇಪಿನಲ್ಲಿ ಮಾತಾಡಿ ಕಳಿಸುತ್ತಿದ್ದರು. ಕಾರ್ಲ್‌ಗೆ ಕೊಂಕಣಿಯೂ ಬಾರದು, ತುಳುವೂ ಬಾರದು. ಒಂದು ಟೇಪಿನಲ್ಲಿ ಅಜ್ಜಿಯ ಮಾತಿನ ನಡುವೆ ಒಂದು ಹುಡುಗಿಯ ಸ್ವರ ಕೇಳಿತು, "ಯಾನ್ ಬರ್ಪೆ." ತುಳುವಿನಲ್ಲಿ 'ನಾನು ಬರುತ್ತೇನೆ' ಎಂದು. ಹಿಂದೆ ಕತ್ತರಿಯ ಟಕ್ ಟಕ್ ಸದ್ದು ಇತ್ತು. ಅಮ್ಮ ಊರಿಗೆ ಹೋಗಿದ್ದಾಗ ತುಂಬಿಸಿದ ಟೇಪಿರಬೇಕು, ಅದು ಅವಳ ಹರೆಯದ ಸ್ವರ ಎಂದು ಅವನು ನಂಬಿದ. ಆ ಎರಡು ಮಾತುಗಳನ್ನು ಕತ್ತರಿಸಿ, ಮತ್ತೆ ಮತ್ತೆ ಬರುವಂತೆ ಜೋಡಿಸಿ, ಕತ್ತರಿಯ ಸದ್ದನ್ನೇ ತಾಳ ಮಾಡಿಕೊಂಡು, ತೀರಿಹೋದ ತಾಯಿಯ ಬಗ್ಗೆ ಒಂದು ಹಾಡು ಮಾಡಿದ.

ಆ ಹಾಡು ಅವನನ್ನು ಎಲ್ಲಿಂದ ಎಲ್ಲಿಗೋ ಒಯ್ದಿತು. ರೇಡಿಯೋ, ದೊಡ್ಡ ದೊಡ್ಡ ಮೈದಾನ, ಪತ್ರಿಕೆಯಲ್ಲಿ ಫೋಟೋ. "ಅದು ನನ್ನ ಅಮ್ಮ," ಎಂದು ಎಲ್ಲ ಕಡೆ ಹೇಳಿದ. ಅತ್ತೆ ಮನೆಯಲ್ಲಿ ಕೊಂಕಣಿ ಬಿಟ್ಟು ತುಳು ಯಾಕೆ ಆಡಿದರು ಎಂದು ನನಗೆ ಒಮ್ಮೆ ಅನ್ನಿಸಿದ್ದು ನಿಜ. ಹೆಚ್ಚು ಯೋಚಿಸಲು ಹೋಗಲಿಲ್ಲ.

ಕಳೆದ ಫೆಬ್ರವರಿಯಲ್ಲಿ ಮಣಿಪಾಲದ ಒಂದು ಕಾಲೇಜಿನ ಉತ್ಸವಕ್ಕೆ ಅವನನ್ನು ಕರೆಸಿದರು. ಮೂರು ದಿನ ಮೊದಲೇ ಬಂದು ಕಾಪುವಿನಲ್ಲಿ ಸಮುದ್ರದ ಪಕ್ಕ ರೂಮು ಮಾಡಿದ. ನನ್ನದು ಮಣಿಪಾಲದಲ್ಲಿ ಸಣ್ಣ ರೆಕಾರ್ಡಿಂಗ್ ಸ್ಟುಡಿಯೋ. ಹಗಲು ಅವನು ಅಲ್ಲೇ ಇರುತ್ತಿದ್ದ. ಮೂರನೇ ದಿನ ಮಧ್ಯಾಹ್ನ ಬಾಗಿಲು ತಟ್ಟಿ ಒಳಗೆ ಬಂದವರು ಶೇಖರಣ್ಣ. ನಮ್ಮ ಊರಿನವರೇ. ಉಡುಪಿ–ಹೂಡೆ ಬಸ್ಸಿನ ಕಂಡಕ್ಟರ್. ಖಾಕಿ ಅಂಗಿಯಲ್ಲೇ ಇದ್ದರು, ಕಂಕುಳಲ್ಲಿ ಟಿಕೆಟಿನ ಚೀಲ.

"ಕ್ಲಾಯ್ಡ್, ಇವರಿಗೆ ಒಂದು ಮಾತು ಹೇಳಲಿಕ್ಕುಂಟು. ನೀನು ಇಂಗ್ಲಿಷಿನಲ್ಲಿ ಹೇಳು," ಎಂದರು. "ಆ ಹಾಡಿನಲ್ಲಿ ಇರುವುದು ಇವರ ತಾಯಿಯಲ್ಲ. ಅದು ನನ್ನ ಅಕ್ಕ ಚಂಪಾ."

ಚಂಪಾ ಹೊಳೆಯಲ್ಲಿ ಮುಳುಗಿ ಹೋದಾಗ ನನಗೆ ಏಳು ವರ್ಷ. ದಂಡೆಯಲ್ಲಿ ಜನ ಸೇರಿದ್ದು ಮಾತ್ರ ನೆನಪುಂಟು. ಶೇಖರಣ್ಣನ ಮನೆ ಹೊಳೆಯ ನಡುವಿನ ಕುದ್ರುವಿನಲ್ಲಿ. ಆಗ ದೋಣಿಯಿಲ್ಲದೆ ಆ ದ್ವೀಪಕ್ಕೆ ಹೋಗುವಂತಿರಲಿಲ್ಲ. ಚಂಪಾ ಮತ್ತು ಅವಳ ತಾಯಿ ಗುಲಾಬಿಯಕ್ಕ ನಮ್ಮ ಅಜ್ಜಿಯ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದರು. ಆ ಕತ್ತರಿಯ ಸದ್ದು ಬೀಡಿಯ ಎಲೆ ಕತ್ತರಿಸುವುದು.

"ಬಸ್ಸಿನಲ್ಲಿ ಹುಡುಗರ ಮೊಬೈಲಿನಲ್ಲಿ ಮೊದಲು ಕೇಳಿದೆ," ಎಂದರು ಶೇಖರಣ್ಣ. "ಟಿಕೆಟ್ ಕೊಡುವ ಕೈ ಹಾಗೇ ನಿಂತಿತು. ನಾನಾದರೆ ತಡೆದುಕೊಳ್ಳುತ್ತೇನೆ. ಈಗ ಹೊಳೆ ನೋಡಲು ಬರುವವರೆಲ್ಲ ಅದನ್ನೇ ಹಾಕುತ್ತಾರೆ. ಅಮ್ಮನಿಗೆ ಮನೆಯೊಳಗೆ ಕೇಳುತ್ತದೆ. ಅವಳು ಎದ್ದು ಬಾಗಿಲಿಗೆ ಹೋಗುತ್ತಾಳೆ. ಪ್ರತಿ ಸಲವೂ."

ನಾನು ಇಂಗ್ಲಿಷಿನಲ್ಲಿ ಹೇಳಿದೆ. "ಹಾಗಾದರೆ ನನ್ನ ಅಮ್ಮ ಯಾವ ಟೇಪಿನಲ್ಲೂ ಇಲ್ಲ," ಎಂದ ಕಾರ್ಲ್. ಶೇಖರಣ್ಣ ಕೇಳಿದ್ದು ಒಂದೇ: ಆ ಟೇಪು ಪೂರ್ತಿ ಇದ್ದರೆ ತಾಯಿಗೆ ಒಮ್ಮೆ ಕೇಳಿಸಬೇಕು. ಮರುದಿನ ಬೆಳಿಗ್ಗೆ ಬರುತ್ತೇವೆ ಎಂದು ಕಾರ್ಲ್ ಮಾತು ಕೊಟ್ಟ.

ಅವರು ಹೋದ ಮೇಲೆ ಅವನ ಲ್ಯಾಪ್‌ಟಾಪಿನಲ್ಲಿದ್ದ ಪೂರ್ತಿ ಧ್ವನಿಯನ್ನು ನಾನು ಹೆಡ್‌ಫೋನ್ ಹಾಕಿ ಕೇಳಿದೆ. ಕಾರ್ಲ್ ಹೊರಗೆ ಮೆಟ್ಟಿಲಲ್ಲಿ ಕೂತಿದ್ದ.

ಅಜ್ಜಿ ಕೊಂಕಣಿಯಲ್ಲಿ ಹೇಳುತ್ತಾರೆ, ಇಂದು ಜುಲೈ ಒಂಬತ್ತು, ಮಳೆ ಸ್ವಲ್ಪ ಬಿಟ್ಟಿದೆ. ದೂರದಿಂದ ಗುಲಾಬಿಯಕ್ಕ ಕೂಗುತ್ತಾರೆ, "ಚಂಪಾ, ದೋಣಿ ಬಂತು." ಚಂಪಾ ಹೇಳುತ್ತಾಳೆ, "ಯಾನ್ ಬರ್ಪೆ. ನೀವು ಹೋಗಿ." ಕಾರ್ಲ್ ಕತ್ತರಿಸಿದ್ದು ಇಲ್ಲಿಗೆ. ಆದರೆ ಟೇಪು ಮುಂದೆಯೂ ಓಡುತ್ತದೆ. ಅಜ್ಜಿ ತುಳುವಿಗೆ ತಿರುಗುತ್ತಾರೆ. "ಇರು ಚಂಪಾ, ಇಮೆಲ್ಡಾಳಿಗೆ ಆ ಹಾಡು ಹೇಳು." "ಮುಂದಿನ ದೋಣಿಗೆ ಕತ್ತಲಾಗುತ್ತದೆ ಸೋಫಿಯಾ ಬಾಯಿ." "ಒಂದೇ ಹಾಡು. ಟೇಪು ಇನ್ನೂ ಉಳಿದಿದೆ." ಅವಳು ನಗುತ್ತಾಳೆ. ಆಮೇಲೆ ಹಾಡುತ್ತಾಳೆ, ನಿಧಾನವಾಗಿ, ಟೇಪು ಮುಗಿಯುವವರೆಗೂ.

ಜುಲೈ ಒಂಬತ್ತು ಅವಳು ಹೋದ ದಿನ. ಕತ್ತಲಿನ ಆ ಕಡೆಯ ದೋಣಿಯೂ ತಪ್ಪಿ, ಯಾರದ್ದೋ ಸಣ್ಣ ದೋಣಿ ಬಿಚ್ಚಿಕೊಂಡು ಒಬ್ಬಳೇ ಹೊರಟಿದ್ದಳು. ಮೂರನೇ ದಿನ ಹೂಡೆಯ ಕಡೆ ಹೆಣವಾಗಿ ಸಿಕ್ಕಿದಳು. ಆ ಬೆಳಿಗ್ಗೆ ಪೆರ್ಡೂರಿನಿಂದ ಬಂದ ಒಂದು ಮದುವೆ ಸಂಬಂಧದ ಬಗ್ಗೆ ತಾಯಿ ಮಗಳಿಗೆ ಜಗಳವಾಗಿತ್ತು. ಹಾಗಾಗಿ ಬೇಕೆಂದೇ ಹೋದಳು ಎಂದು ಊರು ಆಡಿತು. ಅಜ್ಜಿ ಆ ಮಾತನ್ನು ಕೇಳಿಯೂ ಬಾಯಿ ಬಿಡಲಿಲ್ಲ.

ನಾನು ಮಾಡಿದ್ದನ್ನೂ ಹೇಳಿಬಿಡುತ್ತೇನೆ. ಅಜ್ಜಿಯ ಆ ಎರಡು ಮಾತುಗಳನ್ನೂ ನಡುವಿನ ಚಂಪಾಳ ಉತ್ತರವನ್ನೂ ಕತ್ತರಿಸಿ ತೆಗೆದೆ. 'ನೀವು ಹೋಗಿ' ಆದ ಕೂಡಲೇ ನಗು, ಮತ್ತೆ ಹಾಡು. ಹತ್ತು ನಿಮಿಷದ ಕೆಲಸ. ಜೋಡಿಸಿದ ಜಾಗ ಯಾರಿಗೂ ಗೊತ್ತಾಗದು ಎಂದುಕೊಂಡೆ.

ಕಾರ್ಲ್ ಬಂದು ಒಮ್ಮೆ ಕೇಳಿದ. ಭಾಷೆ ಬಾರದಿದ್ದರೂ ಆ ಟೇಪಿನ ಒಂದೊಂದು ಉಸಿರೂ ಅವನಿಗೆ ಬಾಯಿಪಾಠ. "ಇಲ್ಲಿ ಅಜ್ಜಿ ಇದ್ದರು. ಯಾಕೆ ತೆಗೆದೆ?"

ಹೇಳಿದೆ. ಅವನು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೂತ.

"ನಾನು ಗೊತ್ತಿಲ್ಲದೆ ಕತ್ತರಿಸಿದೆ," ಎಂದ. "ನೀನು ಗೊತ್ತಿದ್ದೂ ಕತ್ತರಿಸುವುದು ಬೇಡ."

ಬೆಳಿಗ್ಗೆ ಕುದ್ರುವಿಗೆ ಹೋದೆವು. ಗುಲಾಬಿಯಕ್ಕ ಅಂಗಳದಲ್ಲಿ ಕುರ್ಚಿ ಹಾಕಿಸಿದ್ದರು. ವಯಸ್ಸು ಎಪ್ಪತ್ತರ ಹತ್ತಿರ, ಮೊಣಕಾಲು ಊದಿತ್ತು. ಕಾರ್ಲ್‌ನ ಮುಖವನ್ನೇ ನೋಡಿ, "ಇಮೆಲ್ಡಾಳ ಮೂಗು," ಎಂದರು. ಸ್ಪೀಕರನ್ನು ಸ್ಟೂಲಿನ ಮೇಲಿಟ್ಟು ಪೂರ್ತಿ ಹಾಕಿದೆ. ತನ್ನದೇ ಹಳೆಯ ಸ್ವರ ಮಗಳನ್ನು ಕೂಗಿದಾಗ ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಜ್ಜಿಯ ಮಾತು ಬಂದಾಗ ನಾನು ನೆಲ ನೋಡುತ್ತಿದ್ದೆ. ಹಾಡು ಮುಗಿದು, ಬರೀ ಟೇಪಿನ ಸುಯ್ ಎನ್ನುವ ಸದ್ದು ಉಳಿಯಿತು. ಶೇಖರಣ್ಣ ಎದ್ದು ತೆಂಗಿನ ಮರದ ಆಚೆ ಹೋಗಿ ನಿಂತರು.

"ನಕ್ಕಳು," ಎಂದರು ಗುಲಾಬಿಯಕ್ಕ. "ಸಿಟ್ಟಿನಲ್ಲಿ ಇರಲಿಲ್ಲ ಅವಳು."

"ಇಲ್ಲ," ಎಂದೆ.

"ನಿಮ್ಮ ಅಜ್ಜಿ ಇರುವವರೆಗೂ ಪ್ರತಿ ವರ್ಷ ತೆನೆಹಬ್ಬಕ್ಕೆ ನಮಗೆ ಹೊಸ ಅಕ್ಕಿ ಕಳಿಸಿದರು. ಒಮ್ಮೆಯೂ ಮನೆಗೆ ಬರಲಿಲ್ಲ. ಯಾಕೆ ಬರುವುದಿಲ್ಲ ಎಂದು ನನಗೆ ಬೇಸರ ಇತ್ತು." "ಆ ಅನ್ನ ಉಂಡೆವು ನಾವು," ಎಂದರು.

ಕಾರ್ಲ್ ಏನೋ ಹೇಳಬೇಕೆಂದು ನನ್ನ ಕಡೆ ತಿರುಗಿದ. ಅಷ್ಟರಲ್ಲಿ ಅವರೇ ಕೇಳಿದರು, "ಹಾಡು ಇರಲಿ ಮಗ. ಆ ಬರ್ಪೆ ಎನ್ನುವುದನ್ನು ಮಾತ್ರ ತೆಗೆಯಲಿಕ್ಕೆ ಆಗುತ್ತದಾ? ಅವಳು ಬರುತ್ತೇನೆ ಎಂದರೆ ನನ್ನಿಂದ ಕೂತಿರಲು ಆಗುವುದಿಲ್ಲ. ಏಳುತ್ತೇನೆ. ಕಾಲು ನೋಯುತ್ತದೆ."

ತೆಗೆಯುತ್ತೇನೆ ಎಂದು ಕಾರ್ಲ್ ಅವರ ಕೈ ಹಿಡಿದು ಹೇಳಿದ. ಕಾಪುವಿಗೆ ವಾಪಸು ಹೋಗುವ ದಾರಿಯಲ್ಲೇ ಲಂಡನ್ನಿಗೆ ಫೋನ್ ಮಾಡಿದ. ಅವನ ಹಾಡುಗಳ ಕಂಪೆನಿ ಒಪ್ಪಲಿಲ್ಲ. ಜನ ಕೇಳುವುದೇ ಆ ಎರಡು ಮಾತಿಗಾಗಿ ಎಂದರಂತೆ.

ಆ ಸಂಜೆ ಮಣಿಪಾಲದ ಮೈದಾನದಲ್ಲಿ ಆರೇಳು ಸಾವಿರ ಹುಡುಗ ಹುಡುಗಿಯರು ಸೇರಿದ್ದರು. ಸೌಂಡ್ ಬೋರ್ಡಿನ ಹಿಂದೆ ನಾನೇ ಇದ್ದೆ. ಈ ಹಾಡು ಬೇಡ ಎಂದು ನಾನು ಹೇಳಿದ್ದೆ. ಒಂದೇ ಒಂದು ಸಲ ಅವಳಿಲ್ಲದೆ ಹಾಡಿ ತೋರಿಸುತ್ತೇನೆ ಎಂದು ಅವನು ಹಟ ಹಿಡಿದಿದ್ದ. ಚಂಪಾಳ ಸ್ವರವನ್ನೂ ಕತ್ತರಿಯ ಸದ್ದನ್ನೂ ತೆಗೆದು ಬರೀ ಡ್ರಮ್ಮು ಉಳಿಸಿದ್ದೆವು. ಅವನು ತಾಯಿಯ ಬಗ್ಗೆ ಬರೆದ ಸಾಲುಗಳನ್ನು ಹೇಳುತ್ತಾ ಬಂದ. ಆ ಜಾಗ ಬಂತು. ಅವನು ಸುಮ್ಮನಾದ, ಸ್ಪೀಕರುಗಳೂ ಸುಮ್ಮನಾದವು.

ಆಗ ಮೈದಾನವೇ ಕೂಗಿತು. ಯಾನ್ ಬರ್ಪೆ. ತುಳು ಗೊತ್ತಿದ್ದವರು, ಗೊತ್ತಿಲ್ಲದವರು, ದೆಹಲಿಯಿಂದ ಕೊಚ್ಚಿಯಿಂದ ಓದಲು ಬಂದವರು, ಎಲ್ಲರೂ. ಚಂಪಾಳ ಆ ಸಣ್ಣ ಎಳೆತವನ್ನೂ ಬಿಡದೆ ಹಾಗೆಯೇ ಹೇಳಿದರು. ನಾನು ಬೋರ್ಡಿನ ಎಲ್ಲ ಗುಂಡಿಗಳನ್ನೂ ಕೆಳಗೆ ಎಳೆದೆ. ಏನು ಪ್ರಯೋಜನ, ಆ ಸ್ವರ ನನ್ನ ತಂತಿಗಳಲ್ಲಿ ಇರಲಿಲ್ಲ. ಕಾರ್ಲ್ ಎರಡೂ ಕೈ ಎತ್ತಿ ಬೇಡ ಬೇಡ ಎಂದ. ಕೈ ಎತ್ತಿದ್ದನ್ನು ನೋಡಿ ಅವರು ಇನ್ನೂ ಗಟ್ಟಿಯಾಗಿ ಕೂಗಿದರು. ಅವನು ಮೈಕನ್ನು ನೆಲದ ಮೇಲಿಟ್ಟು ಇಳಿದು ಬಂದ. "ಅವರ ಮಧ್ಯದಲ್ಲಿ ಒಬ್ಬಳು ಬೇರೆಯೇ ಹೇಳುತ್ತಿದ್ದಳು," ಎಂದ. "ಪೂರ್ತಿ ವಾಕ್ಯ ಹೇಳುತ್ತಿದ್ದಳು, ಟೇಪಿನಲ್ಲಿ ಇದ್ದ ಹಾಗೆ."

ನನಗೆ ಹಾಗೆ ಕೇಳಿಸಿರಲಿಲ್ಲ. ಕೇಳಿಸಲಿಲ್ಲ ಎಂದು ಅವನಿಗೆ ಹೇಳಲೂ ಇಲ್ಲ.

ಲಂಡನ್ನಿಗೆ ಹೋದ ಮೇಲೆ ಅವನು ಆ ಹಾಡನ್ನು ಮತ್ತೆ ವೇದಿಕೆಯಲ್ಲಿ ಹೇಳಲಿಲ್ಲ. ಕಂಪೆನಿ ಜೊತೆ ಒಪ್ಪಂದ ಮುರಿಯಿತು. ಅವಳ ಸ್ವರವಿಲ್ಲದ ಹಾಡನ್ನು ತಾನೇ ಬಿಡುಗಡೆ ಮಾಡಿದ, ಕೇಳಿದವರು ಕಡಿಮೆ. ಹಳೆಯದು ಸಾವಿರಾರು ಮೊಬೈಲುಗಳಲ್ಲಿ ಹಾಗೇ ಉಳಿಯಿತು. ಅಮ್ಮನ ಬಗ್ಗೆ ತಾನು ಹೇಳಿದ್ದು ತಪ್ಪು, ಆ ಸ್ವರ ಕೆಮ್ಮಣ್ಣಿನ ಚಂಪಾಳದ್ದು ಎಂದು ಅವನು ಪತ್ರಿಕೆಯವರಿಗೆ ತಿಳಿಸಿದ. ಈಗ ವಾರಕ್ಕೆ ನಾಲ್ಕು ದಿನ ಇಲ್‌ಫರ್ಡಿನ ಒಂದು ಕೇಂದ್ರದಲ್ಲಿ ಮಕ್ಕಳಿಗೆ ಪದ ಕಟ್ಟುವುದನ್ನು ಕಲಿಸುತ್ತಾನೆ. ಫೋನಿನಲ್ಲಿ ಮಾತಾಡುವಾಗ ನಡುವೆ ತಟ್ಟನೆ ನಿಲ್ಲಿಸಿ, "ನಿನ್ನ ಹಿಂದೆ ಯಾರಾದರೂ ಇದ್ದಾರಾ?" ಎಂದು ಕೇಳುವುದುಂಟು.

ಕ್ರಿಸ್‌ಮಸ್ಸಿಗೆ ನಾನು ಕುದ್ರುವಿಗೆ ತಿಂಡಿ ತೆಗೆದುಕೊಂಡು ಹೋದೆ. ತೆಗೆದುಕೊಳ್ಳುತ್ತಾರೋ ಇಲ್ಲವೋ ಎಂಬ ಹೆದರಿಕೆ ಇತ್ತು. ಗುಲಾಬಿಯಕ್ಕ ಡಬ್ಬಿ ಒಳಗಿಟ್ಟು ಬಂದು ನನ್ನ ಎದುರು ಕೂತರು.

"ಸೋಫಿಯಾ ಬಾಯಿ ಹೇಗೆ ಹೋದರು?" ಎಂದು ಕೇಳಿದರು.

"ಮಲಗಿದಲ್ಲೇ. ಕೊನೆಯ ವರ್ಷಗಳಲ್ಲಿ ಸಂಜೆಯಾದರೆ ಹೊಳೆಯ ಕಡೆಯ ಕಿಟಕಿ ಮುಚ್ಚಿಸುತ್ತಿದ್ದರು."

"ಹೌದಾ," ಎಂದರು. ಹೊಳೆಯ ಕಡೆ ಸ್ವಲ್ಪ ಹೊತ್ತು ನೋಡಿದರು. "ನಮ್ಮ ಮನೆಗೆ ಬಾಗಿಲೇ ಆ ಕಡೆ. ಮುಚ್ಚಿದರೆ ಗಾಳಿ ಇಲ್ಲ."

ಮತ್ತೆ ಮೊಣಕಾಲಿಗೆ ಕೈ ಊರಿ ಎದ್ದು, ನನಗೆ ಚಾ ಇಡಲು ಒಳಗೆ ಹೋದರು.