ಟವಲಿನಡಿ ಒಂದು ಕೈ

ಬಂಗಾರಪೇಟೆ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಸರ್ಕಾರದ ಬೀದಿನಾಟಕ ಆಗಷ್ಟೇ ಮುಗಿದಿತ್ತು. ವಿಷಯ: ಮಾನವ ಕಳ್ಳಸಾಗಣೆ. ದಲ್ಲಾಳಿಯ ಪಾತ್ರ ಕೆಜಿಎಫ್‌ನ ಸೆಲ್ವರಾಜನದು. ಇಲಾಖೆ ಕೊಟ್ಟ ಕೋಟು, ಕಪ್ಪು ಕನ್ನಡಕ ನೋಡಿ ಜನ ಹೆದರಲಿಲ್ಲ, ನಕ್ಕರು. "ಮದುವೆ ಗಂಡು ಬಂದವ್ನೆ ಕಣ್ಲಾ!" ಎಂದು ಯಾರೋ ಕೂಗಿದ್ದರು.

ಮುಖ ತೊಳೆಯಲು ಹೊರಟವನಿಗೆ ಇಂದ್ರಾಣಿ ಅಡ್ಡ ಬಂದಳು. ಕಳ್ಳಸಾಗಣೆ ತಡೆ ದಳದ ಹೆಡ್ ಕಾನ್‌ಸ್ಟೇಬಲ್. ಇವತ್ತು ಸಾದಾ ಸೀರೆ, ಕೈಯಲ್ಲಿ ತರಕಾರಿ ಚೀಲ.

"ಆ ಬೆಂಚು ನೋಡು. ಈಗ ಬೂದಿಕೋಟೆ ಬಸ್ಸಲ್ಲಿ ಬಂದ್ರು. ಹುಡುಗಿ ಜ್ಯೋತಿಲಕ್ಷ್ಮಿ. ಪಕ್ಕದಲ್ಲಿ ಕೋದಂಡಪ್ಪ. ಹೋದ ವರ್ಷ ಇವನ ಜೊತೆ ಹೋದ ಇಬ್ಬರು ಹುಡುಗೀರು ಇನ್ನೂ ಪತ್ತೆಯಿಲ್ಲ."

"ಇಡೀರಿ ಮತ್ತೆ."

"ಸಾಕ್ಷಿ ಎಲ್ಲಿ? ಇವಳಿಗೆ ಹತ್ತೊಂಬತ್ತು, ಮೈನರ್ ಅಲ್ಲ. ಮಾತಾಡಿಸಿದ್ರೆ, 'ನಮ್ ಮಾವ ಮುಂಬೈನಾಗೆ ಮಗು ನೋಡ್ಕೊಳ್ಳೋ ಕೆಲ್ಸ ಕೊಡಿಸ್ತಾನೆ, ನಿಂಗ್ಯಾಕೆ ಒಟ್ಟೆ ಉರಿ' ಅಂತಾಳೆ. ರೈಲು ಹತ್ತಿದ್ರೆ ಮುಗೀತು."

"ಆ ಆಳು ಮುಂಚೆ ಏನ್ ಮಾಡ್ತಿದ್ದ ಮೇಡಂ?"

"ದನದ ಸಂತೇಲಿ ದಲ್ಲಾಳಿ."

ಸೆಲ್ವರಾಜ್ ಕೋಟು, ಕನ್ನಡಕ ತೆಗೆದು ಅವಳ ಚೀಲಕ್ಕೆ ತುರುಕಿದ. ಸೀಬೆಹಣ್ಣು ಮಾರುವ ಮುನಿಶಾಮಪ್ಪನ ಹೆಗಲಿನಿಂದ ಟವಲು ಎಳೆದುಕೊಂಡ.

ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಇಬ್ಬರು ಟವಲಿನಡಿ ಕೈ ಹಿಡಿದು ಬೆರಳುಗಳಲ್ಲೇ ವ್ಯಾಪಾರ ಮುಗಿಸುತ್ತಾರೆ.

"ನಮಸ್ಕಾರ ಅಣ್ಣ. ವಿಜಯಕುಮಾರ್ ಕಳ್ಸಿದ್ದು," ಎಂದು ಅವನು ಬೆಂಚಿನ ತುದಿಯಲ್ಲಿ ಕೂತ.

"ಯಾವ ವಿಜಯಕುಮಾರು?" ಕೋದಂಡಪ್ಪ ಹುಬ್ಬೇರಿಸಿದ.

"ಎಲ್ಲಾರ್ಗೂ ಒಬ್ಬ ವಿಜಯಕುಮಾರ್ ಇರ್ತಾನಲ್ಲಣ್ಣ." ಸೆಲ್ವರಾಜ್ ದನಿ ತಗ್ಗಿಸಿದ. "ಮುಂಬೈವರ್ಗೂ ಯಾಕೆ ಅಲೀತೀರಿ? ನಮ್ ಪಾರ್ಟಿ ಇಲ್ಲೇ ಅವ್ರೆ. ಜಾಸ್ತೀನೇ ಕೊಡ್ತಾರೆ."

ಟವಲು ಹರಡಿದ. ಕೋದಂಡಪ್ಪನ ತಲೆ ಯೋಚಿಸುವ ಮೊದಲೇ ಕೈ ಒಳಗೆ ಹೋಯಿತು. ಎಷ್ಟೋ ವರ್ಷಗಳ ಅಭ್ಯಾಸ. ಟವಲಿನಡಿ ಬೆರಳುಗಳು ಕದಲತೊಡಗಿದವು.

ಹುಡುಗಿ ತಿರುಗಿ ನೋಡಿದಳು.

"ಮಾವಾ, ಏನ್ ಮಾಡ್ತಿದ್ದೀಯ?"

"ಏನಿಲ್ಲಮ್ಮ, ಅಳೇ ಸ್ನೇಯಿತ."

"ನಮ್ ಕೆಂದಿ ಅಸಾನ ಮಾರಿಸ್ದಾಗ್ಲೂ ಇಂಗೇ ಕೈ ಆಕಿದ್ದೆ. ಇಲ್ಲಿ ಯಾವ ದನ ಐತೆ?"

ಕೋದಂಡಪ್ಪ ಪ್ಲಾಟ್‌ಫಾರ್ಮಿನ ಉದ್ದಕ್ಕೂ ಕಣ್ಣಾಡಿಸಿದ, ಎಲ್ಲಾದರೂ ಒಂದು ಎಮ್ಮೆ ಸಿಕ್ಕೀತೇನೋ ಎನ್ನುವಂತೆ. ಒಂದು ನಾಯಿ ಮಲಗಿತ್ತು, ಅಷ್ಟೆ.

ಜ್ಯೋತಿಲಕ್ಷ್ಮಿ ಬ್ಯಾಗು ಎತ್ತಿಕೊಂಡು ನೇರ ಇಂದ್ರಾಣಿಯ ಮುಂದೆ ನಿಂತಳು. "ಅಕ್ಕಾ, ಆಗ್ಲೇ ಬೈದೆ, ತಪ್ಪಾಯ್ತು. ನಾನು ಓಗಲ್ಲ. ಇವ್ನು ನಂಗೆ ಮಾವಾನೂ ಅಲ್ಲ. ಅಸ ಮಾರ್ಸಕ್ಕೆ ಬಂದು ಮಾವ ಆದೋನು."

ಕೋದಂಡಪ್ಪ ಕೈ ಎಳೆದುಕೊಳ್ಳಲು ನೋಡಿದ. ಸೆಲ್ವರಾಜ್ ಬಿಡಲಿಲ್ಲ. ರೈಲು ಬಂತು, ಕೂಗಿತು, ಹೋಯಿತು.

"ಬಿಡ್ಲಾ ಮೇಡಂ? ಈ ಆಳ್ ಕೈ ಸಿಕ್ಕಾಪಟ್ಟೆ ಬೆವರ್ತೈತೆ."

"ಜೀಪ್ ಬರೋವರೆಗೂ ಹಿಡ್ಕೊಂಡಿರು," ಎಂದಳು ಇಂದ್ರಾಣಿ, ಫೋನು ಕಿವಿಗಿಟ್ಟುಕೊಂಡು.

ಜೀಪು ಹೋದ ಮೇಲೆ ಮುನಿಶಾಮಪ್ಪ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು, ಹುಡುಗಿಗೊಂದು ಸೀಬೆಹಣ್ಣು ಕೊಯ್ದುಕೊಟ್ಟ. ಅವಳು ಬಹಳ ಹೊತ್ತು ತಿನ್ನದೆ ಹಿಡಿದುಕೊಂಡಿದ್ದಳು.

"ಅಣ್ಣಾ, ನಂಗೆ ಎಷ್ಟು ಬೆರಳು ಇಡ್ದ ಅವ್ನು?"

ಸೆಲ್ವರಾಜ್ ತಲೆ ಕೆರೆದುಕೊಂಡ. ಅವನು ಸಂತೆಗೆ ಹೋಗುತ್ತಿದ್ದುದೇ ಬೋಂಡ ತಿನ್ನಲು.

"ಆ ಲೆಕ್ಕ ನಂಗೆ ಬರಲ್ಲಮ್ಮ. ಸತ್ಯವಾಗ್ಲೂ."

"ಒಳ್ಳೇದೇ ಆಯ್ತು ಬಿಡು," ಎಂದು ಅವಳು ಹಣ್ಣಿಗೆ ಇನ್ನಷ್ಟು ಉಪ್ಪುಖಾರ ಕೇಳಿದಳು.